ಬೂದಿದಿಬ್ಬದ ಛತ್ರಿ

ನಮ್ಮೂರಿಗೆ ಕೇಬಲ್ ಬರುವುದಕ್ಕೆ ಮೊದಲು ನಾನು ಟೀವಿಯನ್ನು ಬರಿಗಣ್ಣಲ್ಲೇ ನೋಡುತ್ತಿದ್ದೆ. ಪೆಟ್ಟಿಗೆ ಇಲ್ಲ, ತಂತಿ ಇಲ್ಲ. ಚಿತ್ರಗಳು ಹೇಗೂ ಗಾಳಿಯಲ್ಲೇ ಹೋಗುತ್ತವಲ್ಲ, ಕಣ್ಣು ಕಿರಿದು ಮಾಡಿ ಪಡುವಣಕ್ಕೆ ನೋಡಿದರೆ ಸಾಕು, ಕಾಣುತ್ತಿದ್ದವು. ಒಂದು ಸಲ ಡೆಲ್ಲಿಯಲ್ಲಿ ನಡೆದ ಕುಸ್ತಿಯನ್ನು ಹಾಗೇ ನಿಂತು ಪೂರ್ತಿ ನೋಡಿದೆ. ಕೊನೆಗೆ ಒಂದು ಮೋಡ ಅಡ್ಡ ಬಂತು, ಗೆದ್ದವರು ಯಾರು ಎಂಬುದಷ್ಟೇ ತಿಳಿಯಲಿಲ್ಲ. ನನ್ನ ಪಕ್ಕದಲ್ಲಿ ನಿಂತು ನೋಡಿದವನು ಕುಂಟ ಮಾರೆಪ್ಪ. ಅವನು ಹೋಗಿ ಇಪ್ಪತ್ತು ವರ್ಷವಾಯಿತು. ಅವನ ಎಮ್ಮೆಯೂ ನೋಡಿತ್ತು. ಅದೂ ಈಗಿಲ್ಲ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದಾಗ, ಅಲ್ಲೇ ಹೂ ಕಟ್ಟಿ ಮಾರುವ ತಿಪ್ಪಕ್ಕ ಹಲ್ಲಿನಲ್ಲಿ ದಾರ ಕಡಿದು, “ಮೋಡಕ್ಕೂ ನಿನಗೂ ಒಳಗೊಳಗೇ ಏನೋ ಐತೆ ಬಿಡು ತಾತ” ಎಂದಳು. ಯಾವುದನ್ನೂ ಸುಮ್ಮನೆ ನಂಬಿ ಅವಳಿಗೆ ಅಭ್ಯಾಸವಿಲ್ಲ. ಅದಕ್ಕೇ ಈ ಕಥೆಯನ್ನು ಅವಳಿಗೆ ಹೇಳಿದೆ. ನೀವೂ ಕೇಳಿ.

ಒಂದು ಊರು. ಹೆಸರು ಬೇಡ. ಅದರ ತಗ್ಗಿನಲ್ಲಿ ಕುದುರೆಗಳ ಬೀದಿ, ನಡುವೆ ಕುರಿಗಳ ಬೀದಿ, ಎತ್ತರದಲ್ಲಿ ಕತ್ತೆಗಳ ಬೂದಿದಿಬ್ಬ. ಎತ್ತರದಲ್ಲಿದ್ದವರೇ ದೊಡ್ಡವರು ಅಂದುಕೊಳ್ಳಬೇಡಿ. ಕೆರೆ ಇದ್ದದ್ದು ತಗ್ಗಿನಲ್ಲಿ, ಹುಣಸೆಮರಗಳ ನೆರಳಿದ್ದದ್ದೂ ತಗ್ಗಿನಲ್ಲಿ. ದಿಬ್ಬದ ಮೇಲೆ ಇದ್ದದ್ದು ಊರವರೆಲ್ಲ ಒಲೆ ಬಳಿದು ತಂದು ಸುರಿದ ಬೂದಿ, ಮತ್ತೆ ಬಿಸಿಲು.

ಆ ಊರ ಹೊರಗಿನ ಒಂದು ಕಳ್ಳಿಬೇಲಿಯಲ್ಲಿ ಓತಿಕ್ಯಾತನೊಬ್ಬ ಹೆಂಡತಿ ಮಕ್ಕಳೊಡನೆ ವಾಸವಾಗಿದ್ದ. ಗೇಣುದ್ದದ ಮೈ, ಎದುರಿಗೆ ಯಾರು ಬಂದರೂ ತಲೆ ಆಡಿಸುವ ಸ್ವಭಾವ. ಸ್ವಂತದ್ದು ಅಂತ ಅವನಿಗಿದ್ದದ್ದು ಆ ಬೇಲಿ ಒಂದೇ. ಅವನು ಒಮ್ಮೆ ಪರವೂರಿಗೆ ಹೋಗಿ, ಅಲ್ಲಿ ಮನೆಮನೆಯ ಪೆಟ್ಟಿಗೆಯಲ್ಲಿ ಚಿತ್ರಗಳು ಓಡಾಡುವುದನ್ನು ಕಂಡು ಬಂದ. ಬಂದವನೇ ಹೆಂಡತಿಗೆ ಹೇಳಿದ: “ನಮ್ಮೂರ ಮೂರು ಬೀದಿಗೂ ಚಿತ್ರ ಹರಿಸ್ತೀನಿ.”

ಚಿತ್ರ ಹಿಡಿಯುವ ಛತ್ರಿಯೂ ತಂತಿಯೂ ನರಿಯ ಅಂಗಡಿಯಲ್ಲಿದ್ದವು. ಛತ್ರಿ ಅಂದರೆ ಮಳೆಗೆ ಹಿಡಿಯುವಂಥದ್ದಲ್ಲ, ಆಕಾಶಕ್ಕೆ ಬಾಯಿ ತೆರೆದು ಅಂಗಾತ ಮಲಗಿದಂಥದ್ದು. ನರಿ ಹೇಳಿತು: “ಒಯ್ಯಿ. ದಸರೆಯೊಳಗೆ ಮೂರು ಬೀದಿಯಲ್ಲೂ ಚಿತ್ರ ಕಾಣಬೇಕು. ಒಂದು ಬೀದಿ ಉಳಿದರೂ ಛತ್ರಿ ನನಗೆ ವಾಪಸ್, ನಿನ್ನ ಬೇಲಿಯೂ ನನಗೆ.”

ಓತಿಕ್ಯಾತ ತಲೆ ಆಡಿಸಿದ.

“ಬೇಲಿ ಹೋದ್ರೆ ಮಕ್ಕಳನ್ನ ಎಲ್ಲಿ ಮಲಗಿಸ್ತೀ?” ಎಂದು ಹೆಂಡತಿ ಕೇಳಿದಳು.

“ಹೋಗಲ್ಲ” ಎಂದ.

ತಂತಿ ಎಳೆಯಲು ಅಪ್ಪಣೆ ಬೇಕಿತ್ತು. ಅಪ್ಪಣೆಯ ಕಾಗದದ ಮೇಲೆ ಕಚೇರಿಯ ಎಮ್ಮೆ ಕೂತಿತ್ತು. ಕಾಗದ ಎಲ್ಲಿ ಎಂದರೆ “ಇದೆ” ಎನ್ನುತ್ತಿತ್ತು, ಕೊಡಿ ಎಂದರೆ “ಎದ್ದಾಗ” ಎನ್ನುತ್ತಿತ್ತು. ಓತಿಕ್ಯಾತ ಒಂಬತ್ತು ದಿನ ಬಾಗಿಲಲ್ಲಿ ಕಾದ. ಹತ್ತನೆಯ ದಿನ ಸೆಕೆ ತಡೆಯಲಾರದೆ ಎಮ್ಮೆ ನೀರಿಗೆ ಎದ್ದಿತು. ಕಾಗದ ಬಿಸಿಯಾಗಿತ್ತು, ಆದರೆ ಹರಿದಿರಲಿಲ್ಲ.

ಮೊದಲು ಕುದುರೆಗಳ ಬೀದಿಗೆ ಹೋದ. ಅದು ಆ ಊರಿನ ಪದ್ಧತಿ. ಕುದುರೆ ಯಜಮಾನನ ಮುತ್ತಾತ ಯಾವುದೋ ರಾಜನನ್ನು ಹೊತ್ತಿದ್ದನಂತೆ. ಯಜಮಾನ ಮಾತ್ರ ಈ ಜನ್ಮದಲ್ಲಿ ಏನನ್ನೂ ಹೊತ್ತವನಲ್ಲ. ಬಾಲ ಬೀಸುತ್ತಲೇ ಇದ್ದುದರಿಂದ ನೊಣವನ್ನೂ ಹೊತ್ತಿರಲಿಲ್ಲ. “ಛತ್ರಿ ನಮ್ಮ ಅಂಗಳದಲ್ಲೇ ಇರಲಿ” ಎಂದ. ಇಟ್ಟರು. ಮೇಲೆ ನೂರು ವರ್ಷದ ಹುಣಸೆಮರಗಳು ಹೆಣೆದುಕೊಂಡಿದ್ದವು. ಪೆಟ್ಟಿಗೆಯಲ್ಲಿ ಗೆದ್ದಲು ಹರಿದಾಡಿದಂತೆ ಕಂಡಿತೇ ಹೊರತು ಚಿತ್ರ ಬರಲಿಲ್ಲ.

“ಕೊಂಬೆ ಸ್ವಲ್ಪ ಕಡಿಸಿದರೆ...”

“ಕುದುರೆ ಬೀದಿಯ ನೆರಳು ಕಡಿಯುತ್ತೀಯಾ? ನಡೆ ಆಚೆ.”

ಕುರಿಗಳ ಸೂರುಗಳ ಮೇಲೆ ಇಟ್ಟು ನೋಡಿದ. ಅಲ್ಲಿಗೆ ದಿಬ್ಬವೇ ಅಡ್ಡ. ತೆರೆದ ಆಕಾಶವಿದ್ದದ್ದು ಬೂದಿದಿಬ್ಬದ ಮೇಲೆ ಮಾತ್ರ. ಓತಿಕ್ಯಾತ ಛತ್ರಿ ಎಳೆದುಕೊಂಡು ದಿಬ್ಬ ಹತ್ತಿದ. ಅಲ್ಲಿ ಕತ್ತೆಗಳಿಗೆಲ್ಲ ಹಿರಿಯಳಾದ ಬೂದವ್ವ ನಿಂತಿದ್ದಳು.

“ಇಡಪ್ಪ” ಎಂದಳು. “ನಮ್ಮ ಮೇಲೆ ಎಲ್ಲಾರೂ ಏನೇನೋ ಇಟ್ಟವ್ರೆ. ಇದೊಂದು ಹಗುರಾಗೈತೆ.”

ಅವತ್ತು ಸಂಜೆ ದಿಬ್ಬದ ಮೇಲೆ ಚಿತ್ರ ಬಂತು. ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಕತ್ತೆಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹವಾಮಾನ ವರದಿ. ಒಬ್ಬಳು ಕೋಲು ಹಿಡಿದು ನಿಂತಿದ್ದಾಳೆ, ಯಾರಿಗೂ ಹೊಡೆಯುತ್ತಿಲ್ಲ. ಅಂಥದ್ದನ್ನು ಅವು ಹಿಂದೆಂದೂ ಕಂಡಿರಲಿಲ್ಲ.

ತಂತಿ ಕೆಳಗಿಳಿಯಿತು. ಕುರಿಗಳ ಬೀದಿಯಲ್ಲಿ ಒಂದು ಕುರಿ ಹಾಕಿಸಿಕೊಂಡಿತು, ಸಂಜೆಯೊಳಗೆ ಎಲ್ಲವೂ ಹಾಕಿಸಿಕೊಂಡವು. ಓತಿಕ್ಯಾತ ತಂತಿಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಂಬದಿಂದ ಕಂಬಕ್ಕೆ ಹಾರುತ್ತ, ಎರಡು ಸಲ ಬಿದ್ದು, ಮೂರನೆಯ ಸಲಕ್ಕೆ ಕುದುರೆ ಯಜಮಾನನ ಬಾಗಿಲು ಮುಟ್ಟಿದ. ಪೆಟ್ಟಿಗೆ ಬೆಳಗಿತು. ಕುದುರೆಗಳು ಕತ್ತು ಚಾಚಿದವು. ಆಗ ಯಜಮಾನ ಕಾಲೆತ್ತಿ ಎಲ್ಲರನ್ನೂ ತಡೆದ.

“ಓತಿಕ್ಯಾತ, ಒಂದು ವಿಷಯ. ಈ ಚಿತ್ರ ನಮ್ಮ ಮನೆಗೆ ಬರುವ ಮೊದಲು ಯಾರ ಮನೆಯಲ್ಲಿತ್ತು?”

“ಕುರಿಗಳ ಮನೆಯಲ್ಲಿತ್ತು, ಯಜಮಾನರೇ.”

“ಅದಕ್ಕೂ ಮೊದಲು?”

ಓತಿಕ್ಯಾತನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ವ್ಯಾಪಾರಕ್ಕೆ ಇಳಿದವನಿಗೆ ಅದು ದೊಡ್ಡ ಕೊರತೆಯೇ. “ದಿಬ್ಬದ ಮೇಲೆ” ಎಂದ.

“ಅಂದರೆ ಕತ್ತೆಗಳು ನೋಡಿ ಬಿಟ್ಟದ್ದನ್ನು ನಾವು ನೋಡಬೇಕು. ಎಂಜಲು ಚಿತ್ರ!”

“ನೋಡಿದರೆ ಚಿತ್ರ ಸವೆಯೋದಿಲ್ಲ, ಯಜಮಾನರೇ.”

“ಸವೆದಿದೆ ಅಂದೆನೇ ನಾನು? ಮೈಲಿಗೆಯಾಗಿದೆ ಅಂದೆ.”

ಕುದುರೆಗಳು ತಂತಿಯನ್ನು ಕಚ್ಚಿ ತುಂಡರಿಸಿದವು. ಮರುದಿನ ಕುರಿಗಳು ಬಂದು ನಿಂತವು. “ಕುದುರೆಗಳು ನೋಡದ್ದನ್ನು ನಾವು ನೋಡಿದರೆ ಏನು ಮರ್ಯಾದೆ? ನಮ್ಮದನ್ನೂ ಕಿತ್ತುಕೊಂಡು ಹೋಗಪ್ಪ.” ದಸರೆಗೆ ಹನ್ನೆರಡು ದಿನ ಉಳಿದಿತ್ತು. ನರಿ ಆಗಲೇ ಬಂದು ಬೇಲಿಯ ಉದ್ದ ಅಗಲ ಅಳೆದು ಹೋಗಿತ್ತು.

ಇಲ್ಲಿ ತಿಪ್ಪಕ್ಕ ಕೇಳಿದಳು: “ಅಳೆಯೋದು ನೋಡಿ ಅವನ ಹೆಂಡ್ತಿ ಸುಮ್ಕಿದ್ಲಾ?”

ಸುಮ್ಮನಿರಲಿಲ್ಲ. ಆದರೆ ಓತಿಕ್ಯಾತನೂ ಸುಮ್ಮನೆ ಕೂರುವವನಲ್ಲ. ಕುರಿಗಳ ಕಾಲು ಹಿಡಿದು, “ದಸರೆವರೆಗೆ ತಡೀರಿ” ಎಂದು ಒಪ್ಪಿಸಿದ. ಕತ್ತೆಗಳ ಮನೆಗಳನ್ನೂ ಕುರಿಗಳ ಮನೆಗಳನ್ನೂ ಮುಟ್ಟದಂತೆ, ಊರನ್ನು ಸುತ್ತಿಸಿ, ಬಿದಿರಿನ ಕಂಬಗಳನ್ನು ನೆಟ್ಟು, ಕುದುರೆಗಳಿಗೆಂದೇ ಬೇರೆ ತಂತಿ ಎಳೆದ. ತಂತಿ ಕಚ್ಚಿ ಕಚ್ಚಿ ಅವನ ಮುಂದಿನ ಹಲ್ಲುಗಳೆಲ್ಲ ಉದುರಿದವು. ಎಂಟು ದಿನ ಹಿಡಿಯಿತು.

ಯಜಮಾನ ಹೊಸ ತಂತಿಯನ್ನು ಮೂಸಿ ನೋಡಿದ. “ಇದು ನೇರವಾಗಿ ಬಂದದ್ದೇ?”

“ನೇರವಾಗಿ, ಛತ್ರಿಯಿಂದಲೇ.”

“ಛತ್ರಿ ನಿಂತ ನೆಲ ಯಾರದು?”

ಆ ಒಂದು ಸಲ ಓತಿಕ್ಯಾತನ ತಲೆ ಆಡಲಿಲ್ಲ.

ಅವತ್ತು ಕುದುರೆಗಳ ಸಭೆ ಕೂಡಿತು. ಚಿತ್ರವನ್ನು ಒಮ್ಮೆ ಕಂಡಿದ್ದ ಕಣ್ಣುಗಳು, ಬಿಟ್ಟಿರುವುದೂ ಆಗುತ್ತಿರಲಿಲ್ಲ. ಮರಿಗಳು ಮೇವು ಬಿಟ್ಟಿದ್ದವು. ಬಹಳ ಹೊತ್ತು ಕೆನೆದಾಡಿ ಯಜಮಾನ ತೀರ್ಪು ಹೇಳಿದ: “ಚಿತ್ರ ಮೊದಲು ಇಳಿಯುವ ನೆಲವೇ ಊರಿನ ಮೊದಲ ನೆಲ. ಅಲ್ಲಿ ನಾವಿರಬೇಕು. ನಾಳೆ ಬೆಳಿಗ್ಗೆ ಕತ್ತೆಗಳು ದಿಬ್ಬ ಬಿಡಲಿ.”

“ಅವು ಎಲ್ಲಿಗೆ ಹೋಗಬೇಕು?” ಎಂದ ಓತಿಕ್ಯಾತ.

“ಎಲ್ಲಿಗಾದರೂ. ಬೇಕಾದರೆ ನಾವು ಬಿಟ್ಟುಹೋದ ಬೀದಿಯಲ್ಲಿ ಬಿದ್ದಿರಲಿ. ಓಲೆ ಬರೆದು ಕೊಡುತ್ತೇವೆ.”

ಓತಿಕ್ಯಾತ ಆ ಓಲೆ ಹಿಡಿದು ದಿಬ್ಬ ಹತ್ತಿದ. ಅವನ ಮನಸ್ಸಿನಲ್ಲಿ ಒಂದು ನಿರ್ಧಾರವಾಗಿತ್ತು. ಕತ್ತೆಗಳೆಲ್ಲ ಸುತ್ತ ನೆರೆದಿದ್ದವು. “ಬೂದವ್ವ, ಜಾಗ ಕೊಟ್ಟವಳು ನೀನು. ನಿನ್ನನ್ನ ಎಬ್ಬಿಸಿ ನನ್ನ ಬೇಲಿ ಉಳಿಸ್ಕೊಳ್ಳಲಾರೆ. ಛತ್ರಿ ಈಗಲೇ ಕೀಳ್ತೀನಿ” ಎಂದು ಬುಡಕ್ಕೆ ಕೈ ಹಾಕಿದ.

ಬೂದವ್ವ ಅವನ ಬಾಲದ ಮೇಲೆ ಕಾಲಿಟ್ಟಳು. “ಥೂ, ಮಂಕೇ. ಕೆರೆ ಎಲ್ಲೈತೆ?”

“ತಗ್ಗಿನಲ್ಲಿ.”

“ನೆರಳು?”

“ತಗ್ಗಿನಲ್ಲಿ.”

“ಮತ್ಯಾಕೆ ಕೀಳ್ತೀಯೋ?” ಆಮೇಲೆ ತನ್ನವರ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದಳು: “ಕೇಳ್ರಿ ಎಲ್ಲಾ. ನಾಳೆ ಹೋಗುವಾಗ ಅಳ್ಬೇಕು. ಜೋರಾಗಿ ಅಳ್ಬೇಕು. ಒಬ್ರು ಹಲ್ಲು ಬಿಟ್ರೂ ಅವರು ತೀರ್ಪು ತಿರುಗಿಸ್ತಾರೆ. ಈ ಮಾತು ಈ ದಿಬ್ಬ ದಾಟಬಾರದು.”

ಮರುದಿನ ಕತ್ತೆಗಳು ಇಳಿದವು, ಕುದುರೆಗಳು ಹತ್ತಿದವು. ಆ ಅಳು ನಾಲ್ಕು ಹಳ್ಳಿಗೆ ಕೇಳಿಸಿತು. ಒಂದು ಹೆಣ್ಣುಕುದುರೆಗೆ ಕರುಳು ಚುರುಕ್ಕೆಂದು, “ಪಾಪ, ಸ್ವಲ್ಪ ದಿನ ಬಿಟ್ಟು ಎಬ್ಬಿಸಬಹುದಿತ್ತು” ಎಂದಿತು. ಯಜಮಾನ, “ಮೊದಲ ನೆಲ ಸುಮ್ಮನೆ ಸಿಗುವುದಿಲ್ಲ” ಎಂದ.

ದಸರೆಯ ದಿನ ಮೂರು ಬೀದಿಯಲ್ಲೂ ಚಿತ್ರ ಬಂತು. ಕುದುರೆಗಳು ನೋಡಿದವು, ಕುದುರೆಗಳು ನೋಡಿದ್ದರಿಂದ ಕುರಿಗಳು ನೋಡಿದವು, ಹುಣಸೆಮರದ ಕೆಳಗೆ ಕಾಲು ಚಾಚಿಕೊಂಡು ಕತ್ತೆಗಳೂ ನೋಡಿದವು. ನರಿ ಮೂರೂ ಬೀದಿ ಸುತ್ತಿ, ಅಳತೆಗೋಲು ಮಡಿಸಿಕೊಂಡು ಹೋಯಿತು. ಓತಿಕ್ಯಾತನ ಮಕ್ಕಳು ಬೇಲಿಯಲ್ಲೇ ಮಲಗಿದವು.

ಸ್ವಲ್ಪ ದಿನದ ಮೇಲೆ ತಂತಿ ಬಿಗಿ ಮಾಡಲು ಓತಿಕ್ಯಾತ ದಿಬ್ಬಕ್ಕೆ ಹೋದಾಗ ಯಜಮಾನ ಬಿಸಿಲಲ್ಲಿ ನಿಂತಿದ್ದ. ಮೈಯೆಲ್ಲ ಬೂದಿ ಹತ್ತಿ, ಬಿಳಿಯ ಬಣ್ಣ ಯಾವುದು ಬೂದಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ತಗ್ಗಿನಿಂದ ನೀರು ಹೊತ್ತು ತಂದು ಬೆನ್ನು ಬಾಗಿತ್ತು.

“ಓತಿಕ್ಯಾತ, ನಿಜ ಹೇಳು. ಅವರಿಗಿಂತ ನಾವು ಎಷ್ಟು ಮೊದಲು ನೋಡುತ್ತೇವೆ?”

“ಕಣ್ಣು ಮಿಟುಕಿಸೋದಕ್ಕಿಂತ ಸ್ವಲ್ಪ ಕಡಿಮೆ ಹೊತ್ತು, ಯಜಮಾನರೇ.”

“ಸಾಕು” ಎಂದ ಯಜಮಾನ, ಬಹಳ ತೃಪ್ತಿಯಿಂದ.

ಇಷ್ಟು ಹೇಳಿ ನಾನು ಬೀಡಿ ಹಚ್ಚಿದೆ. ತಿಪ್ಪಕ್ಕ ಹೂವಿನ ಮೊಳ ಅಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

“ತಾತ, ಬೂದವ್ವ ದನಿ ತಗ್ಗಿಸಿ ಹೇಳಿದ ಮಾತು ದಿಬ್ಬ ದಾಟಲಿಲ್ಲ, ಅಲ್ವಾ?”

“ದಾಟಲಿಲ್ಲ. ಕುದುರೆಗಳಿಗೆ ಇವತ್ತಿಗೂ ಗೊತ್ತಿಲ್ಲ.”

“ಕುರಿಗಳಿಗೆ?”

“ಅವಕ್ಕೂ ಗೊತ್ತಿಲ್ಲ.”

“ಕೇಳಿದ್ದು ಓತಿಕ್ಯಾತ, ಬಿಟ್ರೆ ಅಲ್ಲಿದ್ದ ಕತ್ತೆಗಳು. ಓತಿಕ್ಯಾತ ಅಂತೂ ನೀನಲ್ಲ, ಮೂರು ಮೆಟ್ಟಿಲ ಏಣಿ ಹತ್ತಿದ್ರೆ ನಿನಗೆ ತಲೆ ಸುತ್ತುತ್ತೆ.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಾದ್ರೆ ಅವತ್ತು ಅತ್ಕೊಂಡು ಇಳಿದವ್ರಲ್ಲಿ ನೀನೂ ಒಬ್ಬ.”

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಹೆಗಲು ಹಾರಿಸಿದೆ.

“ಎಲ್ಲಾರಿಗಿಂತ ಜೋರಾಗಿ ಅತ್ತೋನು ನಾನೇ” ಎಂದೆ.