ತಾಮ್ರದ ಮೊಳೆಯ ಕರಡಿಗೆ

ದುಬಲಗುಂಡಿಯ ರುದ್ರಭೂಮಿಯಲ್ಲಿ ದೀಪಗಳು ಓಡಾಡುತ್ತವೆ ಎಂಬ ಸುದ್ದಿ ಎದ್ದದ್ದು ಮಹಾರುದ್ರಪ್ಪನನ್ನು ಮಣ್ಣು ಮಾಡಿದ ಹತ್ತನೇ ದಿನಕ್ಕೆ. ಮೊದಲು ಕಂಡವನು ಅವನ ತಮ್ಮ ಗುರುನಾಥ.

"ಅಣ್ಣಗ ಶಾಂತಿ ಸಿಕ್ಕಿಲ್ರಿ ವೈನಿ. ಕಂದೀಲ ಹಿಡ್ಕೊಂಡು ತಿರಗಲಾಕತ್ತಾನ. ಆ ಕಡಿ ಹೋಗಬ್ಯಾಡ್ರಿ," ಎಂದು ಅಣ್ಣನ ಹೆಂಡತಿ ಮಾಣಿಕಮ್ಮನಿಗೆ ಹೇಳಿದ.

ಲಿಂಗದಲ್ಲಿ ಒಂದಾದವನಿಗೆ ದೆವ್ವವಾಗಿ ಅಲೆಯುವ ಕರ್ಮವೇನು? ಆದರೆ ಊರ ಬಾಯಿ ಮುಚ್ಚುವವರು ಯಾರು! ಹೆಂಡತಿ ಕ್ರಿಯೆ ಕೆಡಿಸಿದಳು ಎಂದರು. ಎಂಟು ತಿಂಗಳು ಆಕೆ ಗಂಡನ ಸಮಾಧಿಗೆ ಒಂದು ಪತ್ರೆ ಏರಿಸಲಿಲ್ಲ. ತನ್ನಿಂದ ಏನು ತಪ್ಪಾಯಿತೋ ಎಂದು ಕೊರಗಿ ಅರ್ಧವಾದಳು.

ತಪ್ಪೆಂದರೆ ಇಷ್ಟೇ. ಮಣ್ಣು ಕೊಡುವಾಗ ಮನೆಯವರು ಲಿಂಗವನ್ನು ಅಂಗೈಗೆ ಕೊಟ್ಟು, ಅದನ್ನಿಡುವ ಬೆಳ್ಳಿ ಕರಡಿಗೆಯನ್ನು ಬಿಚ್ಚಿಟ್ಟುಕೊಳ್ಳುತ್ತಾರೆ. ಮಾಣಿಕಮ್ಮ ಬಿಚ್ಚಿರಲಿಲ್ಲ. "ಐವತ್ತ ವರ್ಷ ಎದಿಮ್ಯಾಲ ಇದ್ದದ್ದು, ಅವರ ಸಂಗಾಟನೇ ಹೋಗಲಿ," ಎಂದಿದ್ದಳು. ಪಕ್ಕದಲ್ಲಿ ನಿಂತು ಹೂಂಗುಟ್ಟಿದವನೂ ಗುರುನಾಥನೇ.

ಹೋದ ಸೋಮವಾರ ಗುರುನಾಥನ ಮೊಮ್ಮಗಳಿಗೆ ಲಿಂಗಧಾರಣೆ. ಹೋಳಿಗೆ, ತುಪ್ಪ, ಮನೆ ತುಂಬ ಬೀಗರು. ಊಟ ಮುಗಿಸಿ ಮಾಣಿಕಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಕೂಸು ಕೊರಳಿನ ಕರಡಿಗೆಯನ್ನು ಬಾಯಿಗಿಟ್ಟು ಚೀಪುತ್ತಿತ್ತು. ಅದರ ಮುಚ್ಚಳದ ಕೀಲಿಗೆ ತಾಮ್ರದ ಮೊಳೆ. ಬೆಳ್ಳಿಗೆ ಯಾವ ಪತ್ತಾರ ತಾಮ್ರದ ಮೊಳೆ ಹೊಡೆಯುತ್ತಾನೆ? ಗಂಡನ ಕರಡಿಗೆಯ ಕೀಲು ಕಳಚಿದಾಗ ಪಂಪ್‌ಸೆಟ್ಟಿನ ತಂತಿ ಕತ್ತರಿಸಿ ಅದನ್ನು ಬಡಿದವಳು ಮಾಣಿಕಮ್ಮನೇ.

ತೆರೆದು ನೋಡಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ದರು. ಆದರೆ ಕೀಲಿನ ಸಂದಿಯಲ್ಲಿ ಮಣ್ಣು, ವಿಭೂತಿ ಕೂಡಿ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಸಿಕ್ಕಿಕೊಂಡ ಒಂದು ಬಿಳಿ ಕೂದಲು. ಗಂಡನ ಎದೆಯದು. ಮಾಣಿಕಮ್ಮ ಗುರುನಾಥನ ಕಡೆ ತಿರುಗಿದಳು.

"ಬ್ಯಾಟ್ರಿ ಹಚ್ಕೊಂಡು ಅಣ್ಣನ ಎದಿ ಕೆದರಿದೇನೋ, ಹೊಲಸ! ಮ್ಯಾಲ ಅವರಿಗೇ ದೆವ್ವ ಅಂದಿ! ಇದನ್ನ ಕೂಸಿನ ಬಾಯಾಗ ಇಡಲಾಕ ಹೇಸಿಗಿ ಬರ್ಲಿಲ್ಲೇನೋ ನಿನಗ?"

ಬೀಗರ ಕೈಗಳು ತಾಟಿನಲ್ಲೇ ನಿಂತವು.

"ಏಳು. ಹಗಲ ಅದ, ಬ್ಯಾಟ್ರಿ ಬ್ಯಾಡ. ಹ್ಯಾಂಗ ತಗದಿ ಹಂಗೇ ಇಡು ನಡಿ," ಎಂದಳು.

ಅವನು ಬೀಗರ ಕಡೆ ಒಮ್ಮೆ ನೋಡಿ, ಹತ್ತಿರ ಬಂದು ಪಿಸುಗುಟ್ಟಿದ: "ಈಗ ಮಂದಿ ನೋಡ್ತಾರ್ರಿ ವೈನಿ. ರಾತ್ರಿ ಹೋಗಿ ಇಟ್ಟು ಬರ್ತೀನ್ರಿ."

ಮಾಣಿಕಮ್ಮ ಕೂಸಿನ ಬಾಯಿ ತೊಳೆದಳು. ಅದರ ಲಿಂಗವನ್ನು ತಾಯಿಯ ಸೆರಗಿಗೆ ಹಾಕಿದಳು. "ಥೂ!" ಎಂದು ಅವನ ಹೊಸ್ತಿಲ ಮೇಲೆ ಉಗುಳಿ, ಖಾಲಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಅಂಗಳದ ಸಲಿಕೆ ಎತ್ತಿಕೊಂಡು ಸುಡುಬಿಸಿಲಲ್ಲಿ ರುದ್ರಭೂಮಿಯ ದಾರಿ ಹಿಡಿದಳು.