ಯಜಮಾನರ ಆರನೆಯ ಕುರ್ಚಿ

ಸುತ್ತಿಗೆಯಿಂದ ಇನ್ನೂ ತಟ್ಟಿರಲಿಲ್ಲ, ಕುರ್ಚಿ ಕಾಲುಗಳ ನಡುವಿನ ಅಡ್ಡಗೋಲು ಕೈಗೇ ಬಂದುಬಿಟ್ಟಿತು. ಜೆತ್ರೊ ವಿಕೆನ್ಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

ತನಗೆ ಕಸುಬು ಕಲಿಸಿದ ಸೈಲಸ್ ಆರ್ಪ್‌ವುಡ್ ಯಜಮಾನರ ಕುರ್ಚಿ ಹೀಗೆ ಬಿಚ್ಚಿಕೊಳ್ಳುವುದೆಂದರೇನು! ಅವರು ಜನ್ಮದಲ್ಲಿ ಅಂಟು ಮುಟ್ಟಿದವರಲ್ಲ. ಅಡ್ಡಗೋಲುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಒಣಗಿಸಿ, ಇನ್ನೂ ಹಸಿ ಆರದ ಕಾಲುಗಳಿಗೆ ಬಡಿದು ಕೂರಿಸುತ್ತಿದ್ದರು. ಕಾಲು ಒಣಗುತ್ತ ಕುಗ್ಗಿ ಗೋಲನ್ನು ಅಪ್ಪಿಕೊಳ್ಳುತ್ತಿತ್ತು. ಆಮೇಲೆ ಕುದುರೆ ಕಟ್ಟಿ ಎಳೆದರೂ ಬಿಡುತ್ತಿರಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿದ್ದರೂ ಇಂಗ್ಲೆಂಡಿನ ಆ ಸೀಮೆಯಲ್ಲಿ ಕುರ್ಚಿ ಮಾಡುವವರೆಲ್ಲ ಅದೇ ಪದ್ಧತಿ ಹಿಡಿದಿದ್ದರು.

ಈ ಕುರ್ಚಿಯ ಮಾತಂತೂ ಬೇರೆಯೇ. ಊರ ಚರ್ಚಿಗೆಂದು ಆರು ಕುರ್ಚಿ ಮಾಡಿಸಿದ್ದರು, ಹೋದದ್ದು ಐದು. ಆರನೆಯದನ್ನು ಯಜಮಾನರು ಮನೆಯಲ್ಲಿ ಉಳಿಸಿಕೊಂಡು, ಸಾಯುವ ತನಕ ದಿನಾ ಸಂಜೆ ಅದರಲ್ಲೇ ಕೂತು ಬೈಬಲ್ ಓದಿದರು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೆಂದು ಊರವರು ಆಡಿಕೊಂಡರು. ಬರುವ ಗುರುವಾರ ಪಟ್ಟಣದ ಮ್ಯೂಸಿಯಂನವರು ಅದನ್ನು ಒಯ್ಯುವವರಿದ್ದರು. ಸ್ವಲ್ಪ ಬಿಗಿ ಮಾಡಿಕೊಡೆಂದು ಯಜಮಾನರ ಮಗಳು ಡಾರ್ಕಸ್ ಬೆಳಿಗ್ಗೆ ತಾನೇ ಹೊತ್ತು ತಂದಿದ್ದಳು.

ಜೆತ್ರೊ ತೂತಿನೊಳಗೆ ಬೆರಳಾಡಿಸಿದ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಮರದ ಸೀಳುಗಳು ಒಂದರ ಮೇಲೊಂದು ಬಂದವು. ಗೋಲು ಸಡಿಲವಾದಾಗಲೆಲ್ಲ ಯಾರೋ ಒಂದೊಂದೇ ತುರುಕುತ್ತ ಬಂದಿದ್ದರು. ಎಣಿಸಿದ, ಇಪ್ಪತ್ತಾರು. ಗೋಲಿನ ತುದಿಯನ್ನು ತಿರುಗಿಸಿ ನೋಡಿದವನ ಕೈ ಅಲ್ಲೇ ನಿಂತಿತು. ತುದಿಯ ಸುತ್ತ ಕೂದಲೆಳೆಯಂಥ ಗೆರೆ. ಬಾಯಿ ಮುಕ್ಕಾದ ಉಳಿಯ ಗೆರೆ. ಆ ಉಳಿ ಅವನದೇ.

ಆಗ ಅವನಿಗೆ ಇಪ್ಪತ್ತೆರಡರ ಪ್ರಾಯ, ಯಜಮಾನರ ಕೈಕೆಳಗೆ ಕೆಲಸ. ಮದುವೆಗೆ ಮೂರು ದಿನ. ಅಟ್ಟದಲ್ಲಿ ಒಣಗಿದ ಗೋಲು ಸಾಲದೆ, ಹಸೀದನ್ನೇ ಕೆತ್ತಿ ಒಂದು ಕುರ್ಚಿಗೆ ಬಡಿದು ಓಡಿದ್ದ.

ಈಗ ಒಣಗಿದ ಹೊಸ ಗೋಲೊಂದನ್ನು ಕೂರಿಸಿದರೆ ಮುಗಿಯಿತು. ಯಾರಿಗೂ ತಿಳಿಯದು. ನಾಲ್ಕು ಜನ ಕೆಲಸಗಾರರ ಮುಂದೆ ಹಸಿ ಗೋಲಿಗಾಗಿ ಗುಡುಗುವ ಜೆತ್ರೊನ ಮಾನವೂ ಉಳಿಯುತ್ತದೆ.

ಡಾರ್ಕಸ್ ಚಹಾ ಹಿಡಿದು ಬಂದಳು. "ಏನೋ, ಮೋರೆ ಹೀಗಾಗಿದೆ? ಹಲ್ಲುನೋವಾ?"

"ಡಾರ್ಕಸಕ್ಕಾ, ಇದು ನಿಮ್ಮಪ್ಪ ಮಾಡಿದ್ದಲ್ಲ. ನಾನು ಮಾಡಿದ್ದು. ಕೆಡಿಸಿದ್ದು."

"ಗೊತ್ತು ಕಣೋ."

"ಗೊತ್ತಾ?"

"ಚರ್ಚಿಗೆ ಕಳಿಸೋ ಮುಂಚೆ ಅಪ್ಪ ಒಂದೊಂದರಲ್ಲೂ ಕೂತು ನೋಡಿದ್ರು. ಇದು ಕಿರ್ ಅಂತು. 'ಜೆತ್ರೊ ಈಗಷ್ಟೇ ಸಂಸಾರ ಹೂಡಿದಾನೆ, ಊರ ಬಾಯಿಗೆ ಬೀಳೋದು ಬೇಡ. ಇದರಲ್ಲಿ ನಾನು ಕೂತ್ಕೋತೀನಿ' ಅಂದ್ರು. ಸಡಿಲವಾದಾಗಲೆಲ್ಲ ತಾವೇ ಒಂದು ಸೀಳು ತುರುಕೋರು, ಅಷ್ಟೇ."

ಜೆತ್ರೊ ಗೋಲನ್ನು ಕೆಳಗಿಟ್ಟ. "ಆ ವಾರವೇ ಒಣಗಿಸೋ ಅಟ್ಟದ ಕೀಲಿಕೈ ನನ್ನ ಕೈಗೆ ಕೊಟ್ರು. ಮೆಚ್ಚಿ ಕೊಟ್ರು ಅಂತ ನಾನು ಇವತ್ತಿನ ತನಕ ಬೀಗ್ತಿದ್ದೆ."

ಡಾರ್ಕಸ್ ನಕ್ಕ ರಭಸಕ್ಕೆ ಚಹಾ ತುಳುಕಿತು. "ಅಯ್ಯೋ ಪೆದ್ದೇ! ನೀನು ಮತ್ತೆ ಹಸೀದು ಬಡೀಬಾರದು ಅಂತ ಕೊಟ್ಟಿದ್ದು. ಆದರೂ, ಆಮೇಲೆ ಒಂದಾದರೂ ಹಸಿ ಗೋಲು ಅಟ್ಟದಿಂದ ಕೆಳಗಿಳಿದಿದ್ಯಾ?"

"ಒಂದೂ ಇಲ್ಲ."

"ಮತ್ತೆ? ಮೆಚ್ಚೋ ಹಾಗೆ ನಿನ್ನನ್ನ ಮಾಡ್ಕೊಂಡ್ರು."

"ಗೊತ್ತಿದ್ದೂ ಮ್ಯೂಸಿಯಂಗೆ ಕೊಡೋಕೆ ಹೊರಟಿದ್ಯಲ್ಲ?"

"ಅಪ್ಪ ಕೂರ್ತಿದ್ದ ಕುರ್ಚಿ ಕೊಡಿ ಅಂದ್ರು, ಹೂಂ ಅಂದೆ. ಮಾಡಿದ್ದು ಯಾರು ಅಂತ ಕೇಳ್ಲಿಲ್ಲ. ಅದನ್ನ ಹೇಳೋದು ನಿನಗೆ ಸೇರಿದ್ದು, ನಾನ್ಯಾಕೆ ಹೇಳ್ಲಿ?"

"ಗುರುವಾರ ನಾನೇ ಹೇಳ್ತೀನಿ. ಆಮೇಲೆ ಒಯ್ಯೋದಾದರೆ ಒಯ್ಯಲಿ."

ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟ. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತ. ತುಟಿ ಮಾತ್ರ ಅಲುಗಿತು. ಅಟ್ಟದಿಂದ ಹೊಸ ಗೋಲು ಇಳಿಸಲಿಲ್ಲ. ಹಳೆಯದನ್ನೇ ತೂತಿಗೆ ಇಟ್ಟು, ಆ ಇಪ್ಪತ್ತಾರು ಸೀಳುಗಳನ್ನು ಇದ್ದ ಕ್ರಮದಲ್ಲೇ ಹಿಂದಕ್ಕೆ ಸೇರಿಸಿದ. ಆಮೇಲೆ ಉಳಿ ಮಸೆದು, ಚೆನ್ನಾಗಿ ಒಣಗಿದ ತುಂಡಿನಿಂದ ಇಪ್ಪತ್ತೇಳನೆಯದನ್ನು ಸೀಳಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.

"ಕೂತು ನೋಡಕ್ಕಾ."

ಡಾರ್ಕಸ್ ಲಂಗ ಸರಿಮಾಡಿಕೊಂಡು ಕೂತಳು. ಕುರ್ಚಿ ಕಿರ್ ಎಂದಿತು. ಅವಳು ತಣ್ಣಗಾದ ಚಹಾವನ್ನು ಎರಡು ಕೈಯಲ್ಲಿ ಹಿಡಿದು, ಹಿಂದಕ್ಕೆ ಒರಗಿದಳು.