ಹೆಡರಿನಲ್ಲಿ ಎರಡು ಹೆಸರು

ಇಚಲಕರಂಜಿಯ ಶ್ರೇಣಿಕ ಶೇಠರು ತಮ್ಮ ನೇಯ್ಗೆ ಶೆಡ್ಡಿನ ಪ್ರತಿ ವಿದ್ಯುತ್ ಮಗ್ಗಕ್ಕೂ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ್ದರು. ಕೊಲ್ಲಾಪುರದ ಆಫೀಸಿನಲ್ಲಿ ಕೂತು ಪ್ರೋಗ್ರಾಮ್ ಬರೆಯುವ ಮಯೂರಿಯ ಪೈಥಾನ್ ಲೈಬ್ರರಿ ಕೇಳಿದರೆ ಸಾಕು, ಪೆಟ್ಟಿಗೆ ಉತ್ತರ ಕಳಿಸುತ್ತಿತ್ತು. ಉತ್ತರದ ಮೇಲ್ತುದಿಯಲ್ಲಿ ಹೆಡರುಗಳು: ಯಾವ ಮಗ್ಗ, ಓಡುತ್ತಿದೆಯೇ, ಮುಂದೆ ನಿಂತವರು ಯಾರು.

ತಕರಾರು ಅಲ್ಲೇ. ಒಂದು ಪೆಟ್ಟಿಗೆ ಅಕ್ಷರ ಕಳಿಸಿದರೆ ಇನ್ನೊಂದು ಅಂಕಿ, ಮತ್ತೊಂದು ಪಟ್ಟಿ. ಅಕ್ಷರ ಬಿಟ್ಟು ಬೇರೇನು ಬಂದರೂ ಲೈಬ್ರರಿ ಎರರ್ ಎಸೆದು ಮುನಿಸಿಕೊಳ್ಳುತ್ತಿತ್ತು. ಎರರ್ ಬಂದರೆ ಸಂಪರ್ಕ ಕಡಿಯುತ್ತಿತ್ತು, ಕಡಿದೊಡನೆ ಇಡೀ ಶೆಡ್ಡಿನ ಮಗ್ಗಗಳು ಗಪ್ಪನೆ ನಿಲ್ಲುತ್ತಿದ್ದವು.

“ಏನ ಬಂದ್ರೂ ಒಳಗ ತಗೋವಾ ಮಯೂರಿ. ಮಗ್ಗ ನಿಲ್ಲಬಾರದ ನೋಡ,” ಎಂದು ಫೋನಿನಲ್ಲಿ ಹೇಳಿದರು ಶೇಠರು.

“ಹೌದ್ರಿ, ಇವತ್ತ ಮಾಡತೇನಿ.”

ಮಾಡಿಯೂ ಬಿಟ್ಟಳು. ಏನೇ ಬರಲಿ, ಅಕ್ಷರವಾಗಿಸಿ ಒಳಗೆ ಕರೆದುಕೊಳ್ಳುವುದು. ಕರೆದವರಷ್ಟೇ ಬರುತ್ತಾರೆಂದು ನಂಬುವ ವಯಸ್ಸು, ಪಾಪ!

ಮಧ್ಯಾಹ್ನ ಮೂಲೆಯ ಮಗ್ಗದ ಹೆಡರು ನೋಡಿದಳು. ಅವಳ ಅಪ್ಪ ಕೈ ಸಿಕ್ಕಿ ಸತ್ತದ್ದು ಅದೇ ಮಗ್ಗದಲ್ಲಿ. ತಮ್ಮ ಕುಣಾಲ ಬೇಡವೆಂದರೂ ಕೇಳದೆ ಇವತ್ತು ಮೊದಲ ಸಲ ಅದರ ಮುಂದೆ ನಿಂತಿದ್ದ. ಹೆಡರಿನಲ್ಲಿ ಮಾತ್ರ ‘ಸಂಘಪಾಲ’ ಎಂದಿತ್ತು. ಅಪ್ಪನ ಹೆಸರು.

ಹಳೆಯ ಮಾಹಿತಿ ಉಳಿದಿರಬೇಕು ಎಂದುಕೊಂಡಳು. ಉಳಿಯುವುದೆಲ್ಲಿಂದ? ಪೆಟ್ಟಿಗೆಗಳು ಬಂದದ್ದೇ ಅಪ್ಪ ಹೋದ ಮೇಲೆ. ಆ ಹೆಸರನ್ನು ಯಾರೂ ಎಲ್ಲಿಯೂ ತುಂಬಿರಲಿಲ್ಲ.

ಮತ್ತೊಮ್ಮೆ ಕೇಳಿದಳು. ಈ ಸಲ ಬಂದದ್ದು ಪಟ್ಟಿ. ಅವಳ ಹೊಸ ಕೋಡು ಅದನ್ನು ನೀಟಾಗಿ ಜೋಡಿಸಿ ತೋರಿಸಿತು: ‘ಸಂಘಪಾಲ, ಕುಣಾಲ’.

ತಮ್ಮನಿಗೆ ಫೋನ್ ಹಚ್ಚಿದಳು. ಮಗ್ಗಗಳ ಗದ್ದಲದಲ್ಲಿ ಅವನಿಗೆ ಕೇಳಿಸುವುದುಂಟೇ? ಶೇಠರು ಏನಾದರೂ ಅನ್ನಲಿ, ಶೆಡ್ಡು ನಿಲ್ಲಲೇಬೇಕು. ಬೆಳಿಗ್ಗೆ ಬರೆದದ್ದನ್ನೆಲ್ಲ ಅಳಿಸಿ ಹಳೆಯ ಹಟವನ್ನೇ ಮರಳಿ ಕೂರಿಸಿದಳು. ಪಟ್ಟಿ ಬಂತು, ಲೈಬ್ರರಿ ಎರರ್ ಎಸೆಯಿತು, ಪರದೆ ಕೆಂಪಾಯಿತು.

ಸ್ವಲ್ಪ ಹೊತ್ತಿಗೆ ಕುಣಾಲನ ಫೋನ್ ಬಂತು. ಅವನ ಹಿಂದೆ ಶೆಡ್ಡು ಮೌನವಾಗಿತ್ತು.

“ಎಲ್ಲಾ ಮಗ್ಗ ನಿಂತಾವೇನೋ?”

“ನಿಂತಾವ ಅಕ್ಕಾ.”

“ಕೈ ಸಿಕ್ಕಿಲ್ಲಲಾ?”

“ಮಗ್ಗದಾಗ ಸಿಕ್ಕಿಲ್ಲ. ಒಂದ ಕೈಲೆ ಫೋನ್ ಹಚ್ಚೇನಿ. ಇನ್ನೊಂದ ಕೈ ಅಪ್ಪ ಹಿಡದಾನ. ಭಾಳ ಬಿಗಿ ಹಿಡದಾನ, ಬಿಡವಲ್ಲ.”